ಹೂವಿನ ಹೆಸರಿನ ಅಗ್ಗದ ಹಡಗು

ಯುದ್ಧದ ಹಡಗಿಗೆ ಯಾರಾದರೂ ಹೂವಿನ ಹೆಸರಿಡುತ್ತಾರಾ? ಬ್ರಿಟಿಷರು ಇಟ್ಟರು. ಬ್ಲೂಬೆಲ್, ಸ್ನೋಡ್ರಾಪ್, ಗ್ಲಾಡಿಯೋಲಸ್. 1940ರ ಜುಲೈನಲ್ಲಿ ಜರ್ಮನಿಯ ಯು-26 ಸಬ್‌ಮರೀನ್‌ನ ಕಥೆ ಮುಗಿಸಿದ್ದು ಈ ಗ್ಲಾಡಿಯೋಲಸ್ಸೇ. ಜೊತೆಗೊಂದು ವಿಮಾನವೂ ಇತ್ತು ಅನ್ನಿ.

ಇವು ಫ್ಲವರ್ ಕ್ಲಾಸ್ ಕಾರ್ವೆಟ್‌ಗಳು, ಅಂದರೆ ಸಣ್ಣ ಬೆಂಗಾವಲು ಹಡಗುಗಳು. 1939ರಲ್ಲಿ ಬ್ರಿಟನ್‌ಗೆ ಬೆಂಗಾವಲು ಹಡಗುಗಳು ಬೇಕಿದ್ದವು. ಬೇಗ ಬೇಕಿತ್ತು, ಜಾಸ್ತಿ ಬೇಕಿತ್ತು. ಡಿಸ್ಟ್ರಾಯರ್‌ನಂಥ ದೊಡ್ಡ, ವೇಗದ ಯುದ್ಧನೌಕೆ ಕಟ್ಟುತ್ತಾ ಕೂರಲು ಪುರುಸೊತ್ತು ಎಲ್ಲಿ? ಸ್ಮಿತ್ಸ್ ಡಾಕ್ ಕಂಪನಿಯ ವಿಲಿಯಂ ರೀಡ್, ತಿಮಿಂಗಿಲ ಹಿಡಿಯುವ 'ಸದರ್ನ್ ಪ್ರೈಡ್' ಹಡಗಿನ ನಕ್ಷೆಯನ್ನೇ ಹಿಗ್ಗಿಸಿಕೊಟ್ಟರು. ಒಂದೇ ಪ್ರೊಪೆಲ್ಲರ್. ಹಳೇ ಕಾಲದ ಸ್ಟೀಮ್ ಎಂಜಿನ್. ಸರಕು ಹಡಗಿನಲ್ಲಿ ದುಡಿದು ಬಂದವನಿಗೆ ಅದರ ನರನಾಡಿ ಎಲ್ಲ ಗೊತ್ತು. ಯುದ್ಧದ ಹಡಗು ಕಟ್ಟಿಯೇ ಗೊತ್ತಿಲ್ಲದ ಸಣ್ಣಪುಟ್ಟ ಯಾರ್ಡ್‌ಗಳೂ ಕಟ್ಟಿದವು.

ವೇಗ 16 ನಾಟ್, ಅಂದರೆ ಗಂಟೆಗೆ ಸುಮಾರು 30 ಕಿಲೋಮೀಟರ್. ನೀರಿನ ಮೇಲೆ ಯು-ಬೋಟ್, ಅಂದರೆ ಜರ್ಮನ್ ಸಬ್‌ಮರೀನ್, ಇದಕ್ಕಿಂತ ಜೋರಾಗಿ ಓಡುತ್ತಿತ್ತು. ನಗಬೇಡಿ. ಇವು ಕಾಯಬೇಕಿದ್ದ ನಿಧಾನದ ಕಾನ್ವಾಯ್, ಅಂದರೆ ಒಟ್ಟಾಗಿ ಸಾಗುವ ಸರಕು ಹಡಗುಗಳ ಗುಂಪು, ತೆವಳುತ್ತಿದ್ದುದು 7 ನಾಟ್‌ನ ಆಸುಪಾಸಿನಲ್ಲಿ. ಸಬ್‌ಮರೀನನ್ನು ಹೆದರಿಸಿ ನೀರೊಳಗೆ ಕೂರಿಸಿದರೆ ಸಾಕು, ನೀರೊಳಗೆ ಅದರ ಓಟ ತೀರಾ ತಗ್ಗುತ್ತಿತ್ತು, ಕಾನ್ವಾಯ್ ಮುಂದೆ ಹೋಗುತ್ತಿತ್ತು. ಎಂಜಿನ್‌ನಲ್ಲಿ ದುಡ್ಡು ಉಳಿಸಿದ್ದು ಜಾಣತನ ಅಂತಲೇ ನನ್ನ ಅಭಿಪ್ರಾಯ.

ನನ್ನ ಸಿಟ್ಟು ಇರುವುದು ಅಡುಗೆಮನೆ ಮೇಲೆ. ಹೌದು, ಅಡುಗೆಮನೆ! ಅದು ಹಡಗಿನ ಹಿಂಭಾಗದಲ್ಲಿ. ಹುಡುಗರು ಊಟ ಮಾಡುವ ಜಾಗ ಮುಂದೆ. ನಡುವೆ ತೆರೆದ ಡೆಕ್ಕು. ಜನವರಿಯ ಅಟ್ಲಾಂಟಿಕ್, ಕತ್ತಲು, ಹಡಗು ಉರುಳಾಡುತ್ತಿದೆ. ಒಬ್ಬ ಹುಡುಗ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಸೂಪಿನ ಪಾತ್ರೆ ಹಿಡಿದು ಹೊರಟಿದ್ದಾನೆ. ತಲುಪುವಷ್ಟರಲ್ಲಿ ಸೂಪು ತಣ್ಣಗಾಗಿದೆ, ಉಪ್ಪು ಸಮುದ್ರವೇ ಹಾಕಿದೆ. ಈ ಹಡಗು ಒದ್ದೆ ಹುಲ್ಲಿನ ಮೇಲೂ ಹೊರಳಾಡುತ್ತೆ ಅಂತ ನಾವಿಕರೇ ಹೇಳಿಕೊಳ್ಳುತ್ತಿದ್ದರು.

ಕರಾವಳಿ ಕಾಯಲೆಂದು ಮಾಡಿದ ಹಡಗು ಅದು, ಸುಮ್ನೆ ಬೈದು ಪ್ರಯೋಜನ ಇಲ್ಲ. ಆದರೆ ನಡು ಸಾಗರಕ್ಕೆ ಕಳಿಸುತ್ತೇವೆ ಅಂತ ಗೊತ್ತಾದ ದಿನವೇ ನಕ್ಷೆ ತಿದ್ದಬೇಕಿತ್ತು ಅಲ್ವಾ? ಆಮೇಲೆ ಮುಂಭಾಗದ ಡೆಕ್ಕನ್ನು ಹಿಂದಕ್ಕೆ ಉದ್ದ ಮಾಡಿದರು. ಅಷ್ಟರೊಳಗೆ ಎಷ್ಟೋ ಚಳಿಗಾಲ ನೆನೆದ ಬಟ್ಟೆಯಲ್ಲೇ ಕಳೆದಿತ್ತು.

ಇನ್ನೂರಕ್ಕೂ ಜಾಸ್ತಿ ಕಟ್ಟಿದ್ದರಲ್ಲಿ ಇವತ್ತು ಉಳಿದಿರುವುದು ಒಂದೇ, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿರುವ ಸ್ಯಾಕ್ವಿಲ್. ಅದು ಹೂವಿನ ಹೆಸರಲ್ಲ, ಊರಿನ ಹೆಸರು. ಕೆನಡಾದವರು ತಮ್ಮ ಕಾರ್ವೆಟ್‌ಗಳಿಗೆ ಊರುಗಳ ಹೆಸರಿಟ್ಟರು. ನಮ್ಮ ನೌಕಾಪಡೆಗೂ 1945ರಲ್ಲಿ ಕೆಲವು ಬಂದವು. ಇಲ್ಲಿ ಅವು ಅಸ್ಸಾಂ, ಸಿಂಧ್ ಆದವು.