ಹಳೇ ಜಲ್ಲಿಗೆ ಮೊದಲು ನೀರು ಕುಡಿಸಿ

ಕೇಳುಗರಿಗೆ ನಮಸ್ಕಾರ. ಮನೆ ಕಟ್ಟಿಸುತ್ತಿರುವವರು, ಮೇಸ್ತ್ರಿಗಳು ರೇಡಿಯೊ ಸ್ವಲ್ಪ ಜೋರು ಮಾಡಿಕೊಳ್ಳಿ.

ಕೆಡವಿದ ಕಟ್ಟಡದ ಕಾಂಕ್ರೀಟನ್ನು ಕ್ರಷರ್‌ಗೆ ಹಾಕಿ ಒಡೆದರೆ ಮತ್ತೆ ಜಲ್ಲಿ ಸಿಗುತ್ತದೆ. ಬೆಂಗಳೂರಿನ ಚಿಕ್ಕಜಾಲದಲ್ಲಿ ಈ ಕೆಲಸಕ್ಕೆಂದೇ ಒಂದು ಘಟಕವಿದೆ. ಆದರೂ 'ಹಳೇ ಜಲ್ಲಿ ಗಟ್ಟಿ ಬರಲ್ಲ ಸಾರ್' ಎಂಬ ಮಾತು ನಿಂತಿಲ್ಲ. ತಪ್ಪು ಜಲ್ಲಿಯದಲ್ಲ, ನೀರು ಹಾಕುವವರದು.

ಹಳೇ ಕಾಂಕ್ರೀಟಿನ ಒಂದು ಚೂರನ್ನು ಲೋಟದ ನೀರಿಗೆ ಹಾಕಿ ನೋಡಿ. ಗುಳುಗುಳು ಗುಳ್ಳೆ ಏಳುತ್ತದೆ. ಕಲ್ಲಿಗೆ ಅಂಟಿದ ಹಳೇ ಗಾರೆ ನೀರು ಹೀರುತ್ತಿದೆ! ಕ್ವಾರಿ ಜಲ್ಲಿ 100 ಕೆಜಿಗೆ ಒಂದು ಲೀಟರೂ ಕುಡಿಯುವುದಿಲ್ಲ. ಇದು ಐದಾರು ಲೀಟರ್ ಕುಡಿಯುತ್ತದೆ.

ಒಂದು ಗೋದಾಮಿನ ನೆಲಕ್ಕೆ ನಾನೇ ಈ ಜಲ್ಲಿ ಹಾಕಿಸಿದ್ದೆ. ಏಪ್ರಿಲ್ ಬಿಸಿಲು, ಒಣಗಿದ ರಾಶಿ. ಕಲೆಸುವ ಯಂತ್ರ ಮಿಲ್ಲರಿನಿಂದ ಇಳಿದ ಮಾಲು, ಅಂದರೆ ಹಸಿ ಕಾಂಕ್ರೀಟು, ಹತ್ತೇ ನಿಮಿಷಕ್ಕೆ ಬಿಗಿಯಾಯಿತು. 'ಮಾಲು ಜಾರ್ತಾನೇ ಇಲ್ಲ' ಅಂದ ಮೇಸ್ತ್ರಿ ಒಂದು ಬಕೆಟ್ ನೀರು ಸುರಿದರು. ಮುಂದಿನ ಮಾಲಿಗೆ ಇನ್ನೊಂದು. ನಾನು ಪಕ್ಕದಲ್ಲೇ ಇದ್ದೆ, ತಡೆಯಲಿಲ್ಲ. 28 ದಿನಕ್ಕೆ ಕ್ಯೂಬ್, ಅಂದರೆ ಪರೀಕ್ಷೆಗೆಂದು ಅದೇ ಮಾಲಿನಲ್ಲಿ ಎರೆದ ಘನ, ಒಡೆಸಿದರೆ ಬಲ 20 ಮೆಗಾಪಾಸ್ಕಲ್ ಬರಬೇಕಾದಲ್ಲಿ 15! ಒಡೆದ ಮುಖ ನೋಡಿದೆ. ಜಲ್ಲಿ ಹಾಗೇ ಇತ್ತು. ಸುತ್ತಲ ಸಿಮೆಂಟಿನ ತುಂಬ ಸೂಜಿಮೊನೆಯಂಥ ತೂತುಗಳು. ಹೆಚ್ಚಾದ ನೀರು ಆರಿಹೋದ ಜಾಗ ಅದು. ಮಾಲೀಕರಿಗೆ ಕೋಪ ಬಂತು, ಬರಲೇಬೇಕು. ಉಳಿದರ್ಧ ನೆಲಕ್ಕೆ ಅದೇ ರಾಶಿ, ಅದೇ ಸಿಮೆಂಟು, ಅದೇ ಮೇಸ್ತ್ರಿ. ಹಿಂದಿನ ಸಂಜೆ ಪೈಪು ಹಿಡಿದು ಜಲ್ಲಿ ನೆನೆಸಿದೆವು, ಒದ್ದೆ ಗೋಣಿಚೀಲ ಹೊದಿಸಿದೆವು. ಬೆಳಿಗ್ಗೆ ಹಿಡಿ ತೆಗೆದರೆ ತಣ್ಣಗಿತ್ತು, ಕೈಗೆ ನೀರು ಇಳಿಯುತ್ತಿರಲಿಲ್ಲ. ಅದೇ ಹದ. ಬಕೆಟ್ ಯಾರೂ ಮುಟ್ಟಲಿಲ್ಲ. ಕ್ಯೂಬ್ 24 ಕೊಟ್ಟಿತು.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಭಾರತೀಯ ಮಾನಕ 383, 2016ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ: ಕಬ್ಬಿಣವಿಲ್ಲದ ಕಾಂಕ್ರೀಟಿಗೆ ಹಾಕುವ ಜಲ್ಲಿಯಲ್ಲಿ ಶೇ. 25, ಎಂ 25ರವರೆಗಿನ, ಅಂದರೆ ಬಲ 25 ಮೆಗಾಪಾಸ್ಕಲ್‌ವರೆಗಿನ ಪಿಲ್ಲರ್, ಸ್ಲ್ಯಾಬಿಗೆ ಶೇ. 20, ಪಾಯದಡಿ ಸಿಮೆಂಟ್ ಕಡಿಮೆ ಹಾಕುವ ಬೆಡ್ಡಿಗೆ ಪೂರ್ತಿ. ಇಟ್ಟಿಗೆ ಚೂರು, ಫಾಲ್ಸ್ ಸೀಲಿಂಗಿನ ಪಿಒಪಿ ಆರಿಸಿ ತೆಗೆಯಿರಿ. ಈ ಕಾಂಕ್ರೀಟು ಒಣಗುವಾಗ ಹೆಚ್ಚು ಕುಗ್ಗುತ್ತದೆ, ಕ್ಯೂರಿಂಗ್, ಅಂದರೆ ನೀರುಣಿಸಿ ಒದ್ದೆಯಾಗಿಡುವುದು, ಬಿಡಬೇಡಿ.

ನೆನೆಸುವ ಮಾತು ಮತ್ತೊಮ್ಮೆ. ರಾಶಿಯ ಮೇಲಿನ ಒಂದಡಿ ಒದ್ದೆಯಾದರೆ ಸಾಲದು, ಸಲಿಕೆಯಲ್ಲಿ ಮಗುಚಿ ಬುಡಕ್ಕೂ ನೀರು ಬಿಡಿ. ನಮಸ್ಕಾರ.