ಓಟಿಗಾಗಿ ಹಳ್ಳಿ ಪಾದ್ರಿಗಳ ಬೆನ್ನು ಬಿದ್ದ ಆಕ್ಸ್‌ಫರ್ಡ್

ಎಲ್ಲರಿಗೂ ನಮಸ್ಕಾರ. ನಮ್ಮ ವಿಧಾನ ಪರಿಷತ್ತಿಗೆ ಪದವೀಧರರ ಕ್ಷೇತ್ರ ಅಂತ ಇದೆಯಲ್ಲ, ಡಿಗ್ರಿ ಮುಗಿಸಿದವ್ರು ಫಾರಂ ತುಂಬಿ ಹೆಸರು ಸೇರಿಸ್ಕೊಂಡ್ರೆ ಮಾತ್ರ ಓಟು, ಅದಕ್ಕೇ ಎಲೆಕ್ಷನ್ನಿಗೆ ಮುಂಚೇನೇ ಫಾರಂ ಕಟ್ಟು ಹಿಡ್ಕೊಂಡು ಕೋರ್ಟು, ಕಾಲೇಜು ಅಂತ ಓಡಾಡೋವ್ರನ್ನ ನೀವೂ ನೋಡಿರ್ತೀರಿ. ಇವತ್ತು ಹೇಳೋ ವಿಷಯ ಇದೇ ಥರದ್ದು, ಆದ್ರೆ ಇಂಗ್ಲೆಂಡಿಂದು, 19ನೇ ಶತಮಾನದ್ದು.

ಆಗ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಯೂನಿವರ್ಸಿಟಿಗಳಿಗೆ ಪಾರ್ಲಿಮೆಂಟಲ್ಲಿ ಎರಡೆರಡು ಸೀಟು. ಓಟು ವಿದ್ಯಾರ್ಥಿಗಳಿಗಲ್ಲ, ಎಂಎ, ಡಾಕ್ಟರೇಟ್ ಆದವ್ರಿಗೆ, ಅದೂ ವರ್ಷಾ ವರ್ಷಾ ಕಾಲೇಜಿಗೆ ದುಡ್ಡು ಕಟ್ಟಿ ಪುಸ್ತಕದಲ್ಲಿ ಹೆಸರು ಉಳಿಸ್ಕೊಂಡವ್ರಿಗೆ. ಅವರಲ್ಲಿ ಬಹಳ ಜನ ಯೂನಿವರ್ಸಿಟಿ ಊರಲ್ಲೇ ಇರ್ತಿರಲಿಲ್ಲ, ದೇಶದ ಮೂಲೆ ಮೂಲೆ ಹಳ್ಳಿಗಳಲ್ಲಿ ಪ್ರೊಟೆಸ್ಟೆಂಟ್ ಪಾದ್ರಿಗಳಾಗಿ ಸೇರ್ಕೊಂಡಿದ್ರು, ಓಟು ಹಾಕ್ಬೇಕು ಅಂದ್ರೆ ಕುದುರೆ ಗಾಡಿ ಹತ್ತಿ ಖುದ್ದು ಬರ್ಬೇಕು. ಆಕ್ಸ್‌ಫರ್ಡಿಗೆ ರೈಲು ಬಂದಿದ್ದೇ 1844ರಲ್ಲಿ.

ಹಾಗಾಗಿ ಪ್ರಚಾರ ಅಂದ್ರೆ ಭಾಷಣ, ಮೆರವಣಿಗೆ ಅಲ್ಲ, ಪಟ್ಟಿ ಮತ್ತು ಕಾಗದ. ಆಕ್ಸ್‌ಫರ್ಡಲ್ಲಂತೂ ಕ್ಯಾಂಡಿಡೇಟು ತಾನೇ ಬಂದು ಓಟು ಕೇಳೋದು ಮರ್ಯಾದೆ ಅಲ್ಲ ಅನ್ನೋ ಸಂಪ್ರದಾಯ, ಕೆಲಸ ಎಲ್ಲ ಕಮಿಟಿಗಳದ್ದು. ಒಂದೊಂದು ಕಾಲೇಜಿನ ಪುಸ್ತಕ ತೆಗೆದು ಇವ್ರು ನಮ್ಮವ್ರು, ಇವ್ರು ಆ ಕಡೆಯವ್ರು, ಇವ್ರು ಇನ್ನೂ ಹೇಳಿಲ್ಲ ಅಂತ ಗುರುತು ಹಾಕೋದು, ಆಮೇಲೆ ಆ ಪಾದ್ರಿಗೆ ಹಳೇ ಗುರು ಯಾರು, ಕ್ಲಾಸ್‌ಮೇಟ್ ಯಾರು ಅಂತ ಹುಡುಕಿ ಅವ್ರ ಕೈಲೇ ಪತ್ರ ಬರೆಸೋದು. 1840ಕ್ಕೆ ಮುಂಚೆ ಪತ್ರದ ಖರ್ಚು ಸಾಮಾನ್ಯವಾಗಿ ತಗೊಳ್ಳೋವ್ರದ್ದೇ, ಎಂಪಿ ಸಹಿ ಇದ್ರೆ ಮಾತ್ರ ಪುಕ್ಕಟೆ, ಅದೂ ದಿನಕ್ಕೆ 10 ಪತ್ರ. ಎದುರು ಪಕ್ಷದವ್ನು ಪರಿಚಯದವ್ನಾದ್ರೆ ನೀನೂ ಹೋಗ್ಬೇಡ, ನಾನೂ ಹೋಗಲ್ಲ ಅಂತ ಜೋಡಿ ಮಾಡ್ಕೊಂಡು ಇಬ್ರೂ ಮನೇಲೇ ಉಳಿಯೋದೂ ಇತ್ತು.

1829ರ ಕಥೆ ಕೇಳಿ. ರಾಬರ್ಟ್ ಪೀಲ್ ಅಂದ್ರೆ ಆಗಿನ ಗೃಹಮಂತ್ರಿ, 1817ರಿಂದ ಆಕ್ಸ್‌ಫರ್ಡ್ ಎಂಪಿ, ಕ್ಯಾಥೊಲಿಕರಿಗೆ ಪಾರ್ಲಿಮೆಂಟ್ ಸೇರೋ ಹಕ್ಕು ಕೊಡ್ಬಾರ್ದು ಅಂತ ವರ್ಷಗಟ್ಲೆ ವಾದಿಸಿದ್ದವ್ರು, ಕೊಡ್ಲೇಬೇಕು ಅನ್ನೋ ಪರಿಸ್ಥಿತಿ ಬಂದಾಗ ನನ್ನನ್ನ ಆರಿಸಿದವ್ರನ್ನ ಮತ್ತೆ ಕೇಳ್ಬೇಕು ಅಂತ ರಾಜೀನಾಮೆ ಕೊಟ್ಟು ಪುನಃ ನಿಂತ್ರು. ನನಗೆ ಇದು ತುಂಬ ದೊಡ್ಡ ಮಾತು ಅನ್ಸುತ್ತೆ. ಎದುರಿಗೆ ನಿಂತವ್ರು ಸರ್ ರಾಬರ್ಟ್ ಇಂಗ್ಲಿಸ್. ಓರಿಯಲ್ ಕಾಲೇಜಲ್ಲಿ ಮುಖ್ಯಸ್ಥ ಹಾಕಿನ್ಸ್ ಪೀಲ್ ಕಡೆ, ಅದೇ ಕಾಲೇಜಿನ ಜಾನ್ ಹೆನ್ರಿ ನ್ಯೂಮನ್ ಪೀಲ್ ವಿರುದ್ಧ ಮೈಮುರಿದು ದುಡಿದ್ರು, ಮುಂದೆ ಅದೇ ನ್ಯೂಮನ್ ಕ್ಯಾಥೊಲಿಕ್ ಕಾರ್ಡಿನಲ್ ಆದ್ರು ಅಂದ್ರೆ ನೋಡಿ. ಹಳ್ಳಿ ಪಾದ್ರಿಗಳು ಬಂದು ತುಂಬ್ಕೊಂಡ್ರು. ಪೀಲ್‌ಗೆ 609, ಇಂಗ್ಲಿಸ್‌ಗೆ 755. ಪೀಲ್ ಓದಿದ್ದ ಕ್ರೈಸ್ಟ್ ಚರ್ಚ್ ಕಾಲೇಜಲ್ಲಿ, ಊಟದ ಹಾಲಿಗೆ ಹತ್ತೋ ಮೆಟ್ಟಿಲ ಬುಡದ ಮರದ ಬಾಗಿಲ ಮೇಲೆ ಯಾರೋ ‘ಪೀಲ್ ಬೇಡ’ ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಮೊಳೆ ಹೊಡೆದು ಬರೆದಿದ್ದು ಈಗಲೂ ಇದೆ.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಆಗ ಗುಟ್ಟಿನ ಮತದಾನ ಇರಲಿಲ್ಲ, ಯಾರು ಯಾರಿಗೆ ಹಾಕಿದ್ರು ಅಂತ ಪುಸ್ತಕ ಅಚ್ಚಾಗಿ ಬರ್ತಿತ್ತು. ತನ್ನ ಬಿಷಪ್ಪು, ತನ್ನ ಹೊಟ್ಟೆಪಾಡಿನ ಚರ್ಚನ್ನ ಕೊಡಿಸಿದ ಜಮೀನ್ದಾರ ಎಲ್ರೂ ಓದ್ತಾರೆ ಅಂತ ಗೊತ್ತಿದ್ದೂ ಆ ಬಡ ಪಾದ್ರಿ ಹೆಸರು ಹೇಳ್ಬೇಕಿತ್ತು. 1872ರಲ್ಲಿ ಗುಟ್ಟಿನ ಮತದಾನ ಬಂದ್ರೂ ಯೂನಿವರ್ಸಿಟಿ ಸೀಟುಗಳನ್ನ ಅದರಿಂದ ಹೊರಗೇ ಇಟ್ರು, ಇದು ಅನ್ಯಾಯ ಅಂತಲೇ ನಾನು ಹೇಳೋದು.

ಇನ್ನು ಗ್ಲಾಡ್‌ಸ್ಟನ್, ಮುಂದೆ ಬ್ರಿಟನ್ನಿನ ಪ್ರಧಾನಿ ಆದವ್ರು. 1847ರಲ್ಲಿ ಆಕ್ಸ್‌ಫರ್ಡಿಂದ ಗೆದ್ರು, ಹಣಕಾಸು ಮಂತ್ರಿ ಆದಾಗ, ಮಂತ್ರಿ ಆದವ್ರು ಮತ್ತೆ ಆರಿಸಿ ಬರ್ಬೇಕು ಅನ್ನೋ ಆಗಿನ ನಿಯಮದಿಂದ, 1853ರ ಜನವರಿಯಲ್ಲಿ ಮತ್ತೆ ನಿಲ್ಬೇಕಾಯ್ತು, ಆ ಓಟಿಂಗು 15 ದಿನ ಎಳೀತು, ಕೊನೆಗೆ ಎದುರಾಳಿಯ 898 ಓಟಿಗೆ ಎದುರಾಗಿ 1022 ಓಟು ತಗೊಂಡು ಗೆದ್ರು. 1861ರಲ್ಲಿ ಹೊಸ ಕಾನೂನು ಬಂತು: ಓಟಿನ ಕಾಗದಕ್ಕೆ ಮ್ಯಾಜಿಸ್ಟ್ರೇಟ್ ಎದುರು ಸಹಿ ಹಾಕಿ, ಪರಿಚಯ ಇರೋ ಇನ್ನೊಬ್ಬ ಓಟುದಾರನ ಕೈಲಿ ಕಳಿಸಿದ್ರೆ ಸಾಕು, ಬರೋದು ಬೇಡ. ಕಮಿಟಿಯವ್ರಿಗೆ ಗಾಡಿ ಹೊಂದಿಸೋ ಕೆಲಸ ಹೋಗಿ ಕಾಗದ ಒಟ್ಟು ಮಾಡೋ ಕೆಲಸ ಬಂತು, ಯಾವತ್ತೂ ಹೊರಡದ ಮುದುಕ ಪಾದ್ರೀದೂ ಓಟು ಬಂತು. 1865ರ ಜುಲೈಯಲ್ಲಿ ಎರಡು ಸೀಟಿಗೆ ಮೂವರು: ಹೀತ್‌ಕೋಟ್ 3236, ಹಾರ್ಡಿ 1904, ಗ್ಲಾಡ್‌ಸ್ಟನ್ 1724, ಗ್ಲಾಡ್‌ಸ್ಟನ್ ಸೋತ್ರು. ಊರಲ್ಲೇ ಪಾಠ ಮಾಡ್ತಿದ್ದವ್ರಲ್ಲಿ ಹೆಚ್ಚಿನವ್ರು ಗ್ಲಾಡ್‌ಸ್ಟನ್ ಕಡೆನೇ ಇದ್ರು, ಸೋಲಿಸಿದ್ದು ದೂರದ ಹಳ್ಳಿಗಳ ಕಾಗದ. ಅವ್ರು ತಕ್ಷಣ ಮ್ಯಾಂಚೆಸ್ಟರಿಗೆ ಹೋಗಿ, ಬಾಯಿಗೆ ಕಟ್ಟಿದ ಕುಕ್ಕೆ ಬಿಚ್ಚಿ ಬಂದಿದೀನಿ ಅನ್ನೋ ಅರ್ಥದ ಮಾತಾಡಿ, ದಕ್ಷಿಣ ಲ್ಯಾಂಕಾಶೈರಲ್ಲಿ ನಿಂತು ಅಲ್ಲಿದ್ದ ಮೂರು ಸೀಟಲ್ಲಿ ಮೂರನೇದನ್ನ ಗೆದ್ಕೊಂಡ್ರು.