ಬಾರ್ಸಿಲೋನಾ ಟು ಬಾರ್ಸಿಲೋನಾ: ಮೂರು ದೇಶ, ಒಂದೇ ಬಾಡಿಗೆ ಕಾರು

[ಪರದೆ: ಐಬೀರಿಯಾ ನಕ್ಷೆ, ಬಾರ್ಸಿಲೋನಾದಿಂದ ಕೆಂಪು ಗೆರೆ ಹೊರಡುತ್ತದೆ]

ನಮಸ್ಕಾರ. ಫ್ರಾನ್ಸ್, ಸ್ಪೇನ್, ಪೋರ್ಚುಗಲ್ ಮಧ್ಯೆ ಕಾರಲ್ಲಿ ಹೋಗುವಾಗ ಗಡಿ ದಾಟಿದ್ದೇ ಗೊತ್ತಾಗಲ್ಲ. ಒಂದು ನೀಲಿ ಬೋರ್ಡು, ಸುತ್ತ ಹನ್ನೆರಡು ನಕ್ಷತ್ರ, ಮಧ್ಯೆ ದೇಶದ ಹೆಸರು, ಅಷ್ಟೇ. ಆದರೆ ಆ ಬೋರ್ಡಿನ ಆಚೆ ವೇಗದ ಮಿತಿ ಬೇರೆ, ಟೋಲ್ ಕಟ್ಟೋ ರೀತಿ ಬೇರೆ, ಬಂಕಿನಲ್ಲಿ ಡೀಸೆಲ್‌ಗೆ ಇರೋ ಹೆಸರೂ ಬೇರೆ. ಅದಕ್ಕೇ ನೋಡೋ ಜಾಗಗಳ ಪಟ್ಟಿ ಆಮೇಲೆ ಮಾಡಿ, ಮೊದಲು ಗಡಿಗಳ ಲೆಕ್ಕ ಹಾಕಿ.

[ಪರದೆ: ದಾರಿ ಒಂದೊಂದೇ ಊರು ಸೇರಿಸುತ್ತಾ ಹೋಗುತ್ತದೆ]

ದಾರಿ ಹೀಗಿದೆ. ಬಾರ್ಸಿಲೋನಾದಿಂದ ಉತ್ತರಕ್ಕೆ ಫ್ರಾನ್ಸಿನ ಕಾರ್ಕಸೋನ್, ಟುಲೂಸ್, ಬಯೋನ್. ಅಲ್ಲಿಂದ ಸ್ಪೇನಿನ ಸಾನ್ ಸೆಬಾಸ್ಟಿಯನ್, ಬುರ್ಗೋಸ್, ಸಲಮಾಂಕಾ. ವಿಲಾರ್ ಫೋರ್ಮೋಸೋ ಹತ್ತಿರ ಪೋರ್ಚುಗಲ್‌ಗೆ ದಾಟಿ ಕೊಯಿಂಬ್ರಾ, ಲಿಸ್ಬನ್, ಎವೊರಾ. ವಾಪಸ್ ಸ್ಪೇನಿನ ಮೆರಿದಾ, ಸೆವಿಲ್ಲಾ, ಗ್ರನಾಡಾ, ವಲೆನ್ಸಿಯಾ ಮೇಲೆ ಬಾರ್ಸಿಲೋನಾ. ಒಟ್ಟು ಸುಮಾರು 3,300 ಕಿ.ಮೀ. ಇದಕ್ಕೆ 16ರಿಂದ 18 ದಿನ ಇಟ್ಕೊಳ್ಳಿ. ದಿನಕ್ಕೆ 300 ಕಿ.ಮೀ. ಮೀರಿದರೆ ಊರು ನೋಡೋಕೆ ಸಮಯವೇ ಉಳಿಯಲ್ಲ. ಗ್ರನಾಡಾದಿಂದ ವಲೆನ್ಸಿಯಾಗೆ ಹತ್ತಿರ ಹತ್ತಿರ 500 ಕಿ.ಮೀ. ಇದೆ, ಅದನ್ನ ಮುರ್ಸಿಯಾದಲ್ಲಿ ಒಂದು ರಾತ್ರಿ ತಂಗಿ ಎರಡು ಭಾಗ ಮಾಡಿ.

ಸೆಪ್ಟೆಂಬರ್‌ನಲ್ಲಿ ಹೋಗೋದಾದರೆ ಇದೇ ದಿಕ್ಕು ಸರಿ, ಸೆವಿಲ್ಲಾ ತಲುಪೋ ಹೊತ್ತಿಗೆ ಬಿಸಿಲು ಇಳಿದಿರುತ್ತೆ. ಏಪ್ರಿಲ್, ಮೇ ಆದರೆ ತಿರುಗಿಸಿ, ದಕ್ಷಿಣ ಮೊದಲು ಮುಗಿಸಿ. ಜುಲೈ, ಆಗಸ್ಟ್ ಬೇಡವೇ ಬೇಡ. ಸೆವಿಲ್ಲಾ, ಗ್ರನಾಡಾ ಇರೋ ಆಂಡಲೂಸಿಯಾದಲ್ಲಿ 40 ಡಿಗ್ರಿ ದಾಟುತ್ತೆ, ಫ್ರಾನ್ಸಿನ ಹೆದ್ದಾರಿಗಳು ಶನಿವಾರ ಶನಿವಾರ ರಜೆಗೆ ಹೊರಟವರಿಂದ ತುಂಬಿರುತ್ತವೆ.

[ಪರದೆ: ಪಾಸ್‌ಪೋರ್ಟ್, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ (ಐಡಿಪಿ), ಡಿಎಲ್ ಮೇಜಿನ ಮೇಲೆ]

ಈಗ ಕಾಗದಪತ್ರ. ಷೆಂಗೆನ್ ವೀಸಾ ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಅದಕ್ಕೆ ಅರ್ಜಿ ಹಾಕೋದು ಹೆಚ್ಚು ರಾತ್ರಿ ಕಳೆಯೋ ದೇಶಕ್ಕೆ. ಈ ಪ್ಲಾನಲ್ಲಿ ಅದು ಸ್ಪೇನ್. ಟುಲೂಸ್ ಹತ್ತಿರ ಬಂದಾಗ ಎಲ್ಲರಿಗೂ ಫ್ರಾನ್ಸ್, ಸ್ಪೇನ್ ನಡುವಿನ ಪುಟ್ಟ ದೇಶ ಅಂಡೋರಾ ನೋಡೋ ಆಸೆ ಹುಟ್ಟುತ್ತೆ. ಹುಷಾರು, ಅಂಡೋರಾ ಷೆಂಗೆನ್ ಒಳಗಿಲ್ಲ. ಸಿಂಗಲ್ ಎಂಟ್ರಿ ವೀಸಾ ಇಟ್ಕೊಂಡು ಒಳಗೆ ಹೋದರೆ ವಾಪಸ್ ಬರೋಕೆ ನಿಮಗೆ ಹಕ್ಕಿಲ್ಲ. ಮಲ್ಟಿಪಲ್ ಎಂಟ್ರಿ ಇದ್ದರೆ ಮಾತ್ರ ಹೋಗಿ. ಯುರೋಪಿಯನ್ ಸಿಮ್‌ನ ರೋಮಿಂಗ್ ಕೂಡ ಅಲ್ಲಿ ಸಾಮಾನ್ಯವಾಗಿ ಪ್ಯಾಕಿನಲ್ಲಿ ಸೇರಿರಲ್ಲ, ಆದ್ದರಿಂದ ಡೇಟಾ ಆಫ್ ಮಾಡಿಯೇ ದಾಟಿ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಊರಿನ ಆರ್‌ಟಿಓದಲ್ಲೇ ಸಿಗುತ್ತೆ, ಅರ್ಜಿ ಸಾರಥಿ ಪೋರ್ಟಲ್‌ನಲ್ಲಿ. ಒಂದು ವರ್ಷ ನಡೆಯುತ್ತೆ. ಅದು ನಿಮ್ಮ ಡಿಎಲ್‌ನ ಅನುವಾದ ಅಷ್ಟೇ, ಅಸಲಿ ಡಿಎಲ್ ಜೊತೆಗಿಲ್ಲದಿದ್ದರೆ ಬೆಲೆಯಿಲ್ಲ. ಫ್ರಾನ್ಸ್ ಗಡಿಯಲ್ಲಿ ಪೊಲೀಸರು ಆಗಾಗ ತಡೆದು ನೋಡ್ತಾರೆ, ಪಾಸ್‌ಪೋರ್ಟ್ ಡಿಕ್ಕಿಯಲ್ಲಿರೋ ಸೂಟ್‌ಕೇಸ್ ಒಳಗಿರಬಾರದು.

ಕಾರು ತಗೊಂಡ ದೇಶದಲ್ಲೇ ವಾಪಸ್ ಕೊಡಿ. ಬಾರ್ಸಿಲೋನಾದಲ್ಲಿ ತಗೊಂಡು ಲಿಸ್ಬನ್ನಲ್ಲಿ ಬಿಟ್ಟರೆ ಡ್ರಾಪ್ ಶುಲ್ಕ ಬಾಡಿಗೆಗಿಂತಲೂ ಜಾಸ್ತಿ ಆಗಬಹುದು. ಬುಕಿಂಗ್ ಮಾಡುವಾಗಲೇ ಮೂರೂ ದೇಶಗಳ ಹೆಸರು ಹೇಳಿ, ಗಡಿ ದಾಟೋ ಅನುಮತಿ ಕರಾರಿನಲ್ಲಿ ಬರೆಸಿಕೊಳ್ಳಿ. ಹೇಳದೆ ದಾಟಿದರೆ ಅಪಘಾತದ ಖರ್ಚು ನಿಮ್ಮ ತಲೆ ಮೇಲೆ ಬೀಳಬಹುದು. ಡೆಪಾಸಿಟ್‌ಗೆ ಓಡಿಸೋರ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಬೇಕು. ಡೆಬಿಟ್ ಕಾರ್ಡ್ ಬಹಳ ಕಡೆ ನಡೆಯಲ್ಲ.

[ಪರದೆ: ಟೋಲ್ ಗೇಟಿನ ಮೇಲಿನ ಚಿಹ್ನೆಗಳು]

ಟೋಲ್‌ಗೆ ಬರೋಣ. ಫ್ರಾನ್ಸಿನಲ್ಲಿ ಒಳಗೆ ಹೋಗುವಾಗ ಟಿಕೆಟ್ ತಗೊಂಡು, ಹೊರಗೆ ಬರುವಾಗ ಕಟ್ಟೋದು. ಗೇಟಿನ ಮೇಲೆ ಕಿತ್ತಳೆ ಬಣ್ಣದ 'ಟಿ' ಅಕ್ಷರ ಒಂದೇ ಇದ್ದರೆ ಅದು ಟ್ಯಾಗ್ ಇರೋರಿಗೆ. ಹಸಿರು ಬಾಣ ಅಥವಾ ಕಾರ್ಡಿನ ಚಿತ್ರ ಇರೋ ಸಾಲಿಗೆ ಹೋಗಿ. ಟಿಕೆಟ್ ಕಳೆದುಕೊಂಡರೆ ಅತಿ ದೂರದ ದರ ಹಾಕ್ತಾರೆ. ನಮ್ಮ ಕಾರ್ಡ್ ಯಂತ್ರದಲ್ಲಿ ಕೆಲವೊಮ್ಮೆ ಓದಲ್ಲ, ಆಗ ಹಿಂದಕ್ಕೆ ತಗೋಬೇಡಿ, ಸಹಾಯದ ಗುಂಡಿ ಒತ್ತಿ ಕಾಯಿರಿ. ಎರಡನೇ ಕಾರ್ಡು, ಒಂದಿಷ್ಟು ನಾಣ್ಯ ಕೈಗೆ ಸಿಗೋ ಹಾಗಿರಲಿ.

ಸ್ಪೇನಿನಲ್ಲಿ ಬೋರ್ಡು ಓದಿದರೆ ಸಾಕು: ರಸ್ತೆಯ ನಂಬರಿಗೆ ಮೊದಲು ಬರೀ 'ಎ' ಇದ್ದರೆ ಸಾಮಾನ್ಯವಾಗಿ ಉಚಿತ, 'ಎಪಿ' ಇದ್ದರೆ ಟೋಲ್ ಇರಬಹುದು. 'ಇರಬಹುದು' ಅನ್ನೋದಕ್ಕೆ ಕಾರಣ ಇದೆ. ಹಲವು ರಸ್ತೆಗಳ ಗುತ್ತಿಗೆ ಮುಗಿದು ಟೋಲ್ ಹೋಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಬುರ್ಗೋಸ್ ಕಡೆಯ ಎಪಿ-1 ಭಾಗ 2018ರಲ್ಲಿ, ವಲೆನ್ಸಿಯಾ ಕಡೆಯ ಎಪಿ-7 2020ರಲ್ಲಿ, ಬಾರ್ಸಿಲೋನಾ ಇರೋ ಕ್ಯಾಟಲೋನಿಯಾದ ಭಾಗ 2021ರಲ್ಲಿ ಉಚಿತವಾದವು. ಹಳೇ ಜಿಪಿಎಸ್‌ನಲ್ಲಿ 'ಟೋಲ್ ಬೇಡ' ಅಂತ ಇಟ್ಟರೆ ಸುಮ್ಮನೆ ಹಳ್ಳಿ ರಸ್ತೆ ಸುತ್ತಿಸುತ್ತೆ.

ಪೋರ್ಚುಗಲ್‌ನಲ್ಲಿ ಹಸಿರು ಹಿನ್ನೆಲೆಯಲ್ಲಿ ಬಿಳಿ 'ವಿ' ಇರೋ ಸಾಲು ವಿಯಾ ವೆರ್ಡೆ, ಟ್ಯಾಗ್ ಇರೋರಿಗೆ ಮಾತ್ರ. ತಪ್ಪಿ ನುಗ್ಗಿದರೆ ಕ್ಯಾಮೆರಾ ನಂಬರ್ ಹಿಡಿಯುತ್ತೆ, ದಂಡದ ಜೊತೆ ಬಾಡಿಗೆ ಕಂಪನಿಯ ಶುಲ್ಕವೂ ಸೇರುತ್ತೆ. ಗಡಿಯಿಂದ ಬರೋ ಎ25 ಮೇಲಿನ ಎಲೆಕ್ಟ್ರಾನಿಕ್ ಟೋಲ್ 2025ರ ಜನವರಿ 1ರಿಂದ ರದ್ದಾಗಿದೆ. ಲಿಸ್ಬನ್ ಕಡೆಗೆ ಹೋಗೋ ಎ1ಗೆ ಟೋಲ್ ಇದೆ. ಲಿಸ್ಬನ್‌ನ ದೊಡ್ಡ ಸೇತುವೆಗಳಲ್ಲಿ ನಗರದ ಒಳಕ್ಕೆ ಬರುವಾಗ ಮಾತ್ರ ವಸೂಲಿ, ಎವೊರಾ ಕಡೆ ಹೊರಡುವಾಗ ಇಲ್ಲ.

[ಪರದೆ: ಬಂಕಿನ ನಳಿಕೆ, ಹತ್ತಿರದಿಂದ]

ಬಂಕಿನಲ್ಲಿ ಆಗೋ ತಪ್ಪು ಎಲ್ಲಕ್ಕಿಂತ ದುಬಾರಿ. ಫ್ರೆಂಚ್‌ನಲ್ಲಿ 'ಗಾಝೋಲ್', ಸ್ಪೇನ್, ಪೋರ್ಚುಗಲ್‌ನಲ್ಲಿ 'ಗಸೋಲಿಯೋ', 'ಗಸೋಲಿಯೂ' ಅಂದರೆ ಡೀಸೆಲ್. ಪೆಟ್ರೋಲ್ ಅಂದರೆ 'ಗಸೋಲಿನಾ', ಫ್ರಾನ್ಸಿನಲ್ಲಿ 'ಎಸಾನ್ಸ್'. ಕಿವಿಯನ್ನೂ ಹಿಡಿಕೆಯ ಬಣ್ಣವನ್ನೂ ನಂಬಬೇಡಿ, ಗುರುತು ನೋಡಿ: ವೃತ್ತದೊಳಗೆ ಇ5 ಅಥವಾ ಇ10 ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಇದ್ದರೆ ಡೀಸೆಲ್. ಇದೇ ಗುರುತು ಟ್ಯಾಂಕಿನ ಮುಚ್ಚಳದ ಒಳಗೂ ಇರುತ್ತೆ. ಡೀಸೆಲ್ ನಳಿಕೆ ದಪ್ಪ, ಪೆಟ್ರೋಲ್ ಕಾರಿಗೆ ಸುಲಭಕ್ಕೆ ಹೋಗಲ್ಲ. ಪೆಟ್ರೋಲ್ ನಳಿಕೆ ಮಾತ್ರ ಡೀಸೆಲ್ ಕಾರಿಗೆ ಸಲೀಸಾಗಿ ಇಳಿಯುತ್ತೆ, ಅಪಾಯ ಇರೋದು ಅಲ್ಲೇ. ಡೀಸೆಲ್ ಪಂಪಿನ ಬಿಡಿಭಾಗಗಳಿಗೆ ಜಿಡ್ಡು ಕೊಡೋದೇ ಡೀಸೆಲ್. ಪೆಟ್ರೋಲ್ ಸೇರಿದರೆ ಅವು ಸವೆದು ಹೋಗುತ್ತವೆ. ತಪ್ಪಾಯಿತು ಅಂತ ಗೊತ್ತಾದ ಕ್ಷಣ ಕೀ ತಿರುಗಿಸಬೇಡಿ, ಇಗ್ನಿಷನ್ ಕೂಡ ಆನ್ ಮಾಡಬೇಡಿ, ಸಹಾಯವಾಣಿಗೆ ಫೋನ್ ಮಾಡಿ. ಸಾಮಾನ್ಯವಾಗಿ ಇನ್ಶೂರೆನ್ಸ್ ಇದನ್ನ ಭರಿಸಲ್ಲ.

ಸ್ಪೇನಿನಲ್ಲಿ ಇಂಧನ ಸಾಮಾನ್ಯವಾಗಿ ಅಕ್ಕಪಕ್ಕದ ಎರಡೂ ದೇಶಗಳಿಗಿಂತ ಅಗ್ಗ, ಹಾಗಾಗಿ ಗಡಿಗೆ ಮುಂಚೆ ಫುಲ್ ಟ್ಯಾಂಕ್.

[ಪರದೆ: ರಸ್ತೆ ಚಿಹ್ನೆಗಳು]

ಹೆದ್ದಾರಿ ವೇಗ: ಫ್ರಾನ್ಸಿನಲ್ಲಿ 130, ಮಳೆಯಲ್ಲಿ 110, ಸ್ಪೇನ್, ಪೋರ್ಚುಗಲ್‌ನಲ್ಲಿ 120. ಸ್ಪೇನಿನ ಊರೊಳಗೆ, ಪ್ರತಿ ದಿಕ್ಕಿಗೆ ಒಂದೇ ಪಥ ಇರೋ ಬೀದಿಗಳಲ್ಲಿ 30. ಬಲಬದಿಯಲ್ಲಿ ಓಡಿಸೋದು ಎರಡು ದಿನದಲ್ಲಿ ರೂಢಿ ಆಗುತ್ತೆ. ಕೈ ಕೊಡೋದು ಫ್ರಾನ್ಸಿನ 'ಬಲದವರಿಗೆ ಮೊದಲು' ನಿಯಮ. ಚಿಹ್ನೆ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆ ಗಲ್ಲಿಯಿಂದ ಬರೋ ಕಾರಿಗೆ ನೀವು ದಾರಿ ಬಿಡಬೇಕು, ನಿಮ್ಮದು ದೊಡ್ಡ ರಸ್ತೆಯಾದರೂ ಸರಿ. ಬಿಳಿ ಅಂಚಿನ ಹಳದಿ ವಜ್ರಾಕಾರದ ಬೋರ್ಡು ಕಂಡರೆ ಮಾತ್ರ ಆದ್ಯತೆ ನಿಮ್ಮದು.

ಪೋರ್ಚುಗಲ್ ಗಡಿಯಾರ ಒಂದು ಗಂಟೆ ಹಿಂದೆ. ವಾಪಸ್ ಬರುವಾಗ ಆ ಗಂಟೆ ಕಳೆಯುತ್ತೆ: ಎವೊರಾ ಬೆಳಿಗ್ಗೆ 9ಕ್ಕೆ ಬಿಟ್ಟರೆ ಮೆರಿದಾದಲ್ಲಿ ಹೆಚ್ಚುಕಡಿಮೆ 12. ಗ್ರನಾಡಾದ ಅಲ್ಹಾಂಬ್ರಾ ಕೋಟೆಗೆ ಟಿಕೆಟ್ ಮುಂಚೆಯೇ ತಗೊಳ್ಳಿ. ಅದರೊಳಗಿನ ನಾಸ್ರಿದ್ ಅರಮನೆಗಳಿಗೆ ಟಿಕೆಟ್ ಮೇಲಿರೋ ಸಮಯಕ್ಕೇ ಪ್ರವೇಶ, ತಡವಾದರೆ ಒಳಗೆ ಬಿಡಲ್ಲ.

ಬಾರ್ಸಿಲೋನಾ ಮತ್ತು ಫ್ರೆಂಚ್ ಗಡಿ ನಡುವಿನ ಎಪಿ-7ರಲ್ಲಿ ಪಕ್ಕದ ಕಾರಿನವರು 'ಟೈರ್ ಪಂಕ್ಚರ್' ಅಂತ ಕೈ ತೋರಿಸಿದರೆ ಅಲ್ಲೇ ನಿಲ್ಲಿಸಬೇಡಿ. ಒಬ್ಬ ಟೈರ್ ತೋರಿಸುವಾಗ ಇನ್ನೊಬ್ಬ ಬ್ಯಾಗ್ ಎತ್ತೋದು ಅಲ್ಲಿ ಹಳೇ ಕಳ್ಳತನ. ಮುಂದಿನ ಬಂಕಿನವರೆಗೆ ಮೆಲ್ಲಗೆ ಹೋಗಿ ನೋಡಿ.

[ಪರದೆ: ಕಾರಿನ ನಾಲ್ಕೂ ಬದಿಯ ಫೋಟೋ]

ಕಾರು ತಗೊಳ್ಳುವಾಗಲೂ ಕೊಡುವಾಗಲೂ ನಾಲ್ಕು ಬದಿ, ಚಕ್ರದ ರಿಮ್, ಇಂಧನದ ಮುಳ್ಳು, ಓಡಿದ ಕಿ.ಮೀ. ಫೋಟೋ ತೆಗೆದಿಟ್ಟುಕೊಳ್ಳಿ. ಟೋಲ್, ಸ್ಪೀಡ್ ಕ್ಯಾಮೆರಾ ದಂಡ ತಿಂಗಳುಗಳು ಕಳೆದ ಮೇಲೂ ಅದೇ ಕಾರ್ಡಿಗೆ ಬರಬಹುದು. ಬಂದಾಗ ದಿನಾಂಕ, ಜಾಗ ಹೋಲಿಸೋಕೆ ಆ ಫೋಟೋ, ಟೋಲ್ ರಸೀದಿ ಎರಡೂ ಬೇಕಾಗುತ್ತೆ.